ಸರೋಜತ್ತೆಯ ಬ್ಯಾಟರಿ ಶೇರು

ಭಾನುವಾರ ಮಂಗಳೂರಿನ ಕೊಟ್ಟಾರದ ಜಗ್ಗು ಮಾವನ ಮನೆಯಲ್ಲಿ ಯುದ್ಧ. ಕಾರಣ ಜಾಗ ಅಲ್ಲ, ಬಂಗಾರವೂ ಅಲ್ಲ. ಬ್ಯಾಟರಿ!

ಅಂದರೆ ಬ್ಯಾಟರಿ ಕಂಪೆನಿಯೊಂದರ ಶೇರು. ಮಾವನ ಹೆಂಡತಿ, ಹೋದ ವರ್ಷ ತೀರಿಕೊಂಡ ನಮ್ಮ ಸರೋಜತ್ತೆ, ಬ್ಯಾಂಕಿನಿಂದ ರಿಟೈರ್ ಆದಾಗ ಆಸೆಪಟ್ಟು ತೆಗೆದುಕೊಂಡದ್ದು. ಚಹಾ ಕುಡಿದು ಮುಗಿಸುವುದರೊಳಗೆ ಸ್ಕೂಟರ್ ಚಾರ್ಜ್ ಆಗುವ ಬ್ಯಾಟರಿ ಮಾಡುತ್ತೇವೆ ಎಂದು ಆ ಕಂಪೆನಿ ಹೇಳಿ ವರ್ಷಗಳಾದವು. (ನಾವು ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ಬ್ಯಾಟರಿ ಇನ್ನೂ ಲ್ಯಾಬಿನಲ್ಲೇ ಇದೆ.)

"ಮಾರಿಬಿಡು ಜಗ್ಗು," ಎಂದರು ನನ್ನಮ್ಮ. ಮಾವ ಅವರ ತಮ್ಮ. "ಚೀನಾದವರು ಅರ್ಧ ರೇಟಿಗೆ ಕೊಡ್ತಾರೆ. ದೊಡ್ಡ ದೊಡ್ಡ ಕಂಪೆನಿಗಳೂ ಬಂದಾಯ್ತು. ಇವರದ್ದು ಯಾರು ತಗೊಳ್ತಾರೆ?"

"ನಿನಗೆ ಎಂತ ಗೊತ್ತುಂಟು ಅಕ್ಕ? ಇವರ ಟೆಕ್ನಾಲಜಿಯೇ ಬೇರೆ. ಬೆಂಕಿ ಹಿಡಿಯುವುದಿಲ್ಲ, ಬೇಗ ಹಾಳಾಗುವುದಿಲ್ಲ. ಒಂದು ದೊಡ್ಡ ಆರ್ಡರ್ ಸಿಕ್ಕಿದ್ರೆ ಸಾಕು."

"ಆರ್ಡರ್ ಎಲ್ಲುಂಟು ಮಾರಾಯ?"

(ಜಗಳ ನಡೆದದ್ದು ತುಳುವಿನಲ್ಲಿ. ಅದರಲ್ಲಿ ಇದೆಲ್ಲ ಇನ್ನೂ ಖಾರವಾಗಿತ್ತು.) ಆರ್ಡರ್ ಸಿಗದಿದ್ದರೆ ಅತ್ತೆಯ ದುಡಿಮೆಯೆಲ್ಲ ನೀರುಪಾಲು ಎಂಬ ಹೆದರಿಕೆ ಅಮ್ಮನಿಗೆ. ಮಾರಿದರೆ ಅತ್ತೆಯದ್ದೆಂದು ಉಳಿಯುವುದೇನು ಎಂಬ ಸಂಕಟ ಮಾವನಿಗೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಅಬ್ಬಾ, ಸೆಕೆ! ಮೆಟ್ಟಿಲ ಕೆಳಗೆ ಬಗ್ಗಿ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದೆ. ಒಳಗೆಲ್ಲ ಒಣಗಿಹೋಗಿತ್ತು.

"ಮಾವ, ನೀರು ಹಾಕದೆ ಎಷ್ಟು ಸಮಯ ಆಯ್ತು?"

"ಅದಕ್ಕೆ ನೀರು ಹಾಕ್ಲಿಕ್ಕೆ ಉಂಟಾ?"

ಅಷ್ಟು ಹೊತ್ತು ಬ್ಯಾಟರಿಯ ಭವಿಷ್ಯ ಬೋಧಿಸಿದ ಮನುಷ್ಯ! ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲೇ ಡಿಸ್ಟಿಲ್ಡ್ ವಾಟರಿನ ಅರ್ಧ ಕ್ಯಾನು, ಅದರ ಹಿಡಿಗೆ ದಾರದಲ್ಲಿ ಕಟ್ಟಿದ ಪುಟ್ಟ ಆಲಿಕೆ. ಮಾವ ಅದನ್ನೇ ನೋಡಿದರು.

"ಸರೋಜ ಹಾಕ್ತಿದ್ದಳಾ? ನನಗೆ ಹೇಳಲೇ ಇಲ್ಲ ಅವಳು," ಎನ್ನುತ್ತಾ ಆಲಿಕೆಯ ದಾರ ಬಿಚ್ಚತೊಡಗಿದರು. ನನ್ನ ನಗು ಅಲ್ಲಿಗೇ ನಿಂತಿತು.

ಫ್ಯಾನ್ ತಿರುಗುತ್ತಿರುವಷ್ಟು ದಿನ ಯಾರು ತಿರುಗಿಸುತ್ತಿದ್ದಾರೆ ಎಂದು ನಾವು ಯಾರಾದರೂ ಕೇಳುತ್ತೇವೆಯೇ?

ಅಮ್ಮ ಸೆರಗು ಸಿಕ್ಕಿಸಿ ನೆಲದಲ್ಲೇ ಕುಳಿತರು. "ಬಾ, ಆಲಿಕೆ ಹಿಡಿ," ಎಂದು ತಮ್ಮನನ್ನೂ ಕೂರಿಸಿಕೊಂಡು ಮೆಲ್ಲ ನೀರು ಹೊಯ್ದರು.

"ಶೇರು ಎಂತ ಮಾಡುವುದು ಅಕ್ಕ?"

"ಇರ್ಲಿ ಮಾರಾಯ. ಅವಳು ಇಟ್ಟದ್ದಲ್ವಾ?"

ಇನ್ವರ್ಟರಿನ ಬ್ಯಾಟರಿ ಬದುಕಲಿಲ್ಲ ಬಿಡಿ, ಹೊಸದೇ ಬೇಕಾಯಿತು. ಚೀನಾದವರು ಎಷ್ಟು ಅಗ್ಗಕ್ಕೆ ಬೇಕಾದರೂ ಕೊಡಲಿ, ನಮ್ಮ ಸರೋಜತ್ತೆಗೆ ಕಾಂಪಿಟಿಷನ್ ಕೊಡುವವರು ಯಾರಿದ್ದಾರೆ?