ಸೀಸೆಯ ಮೇಲಿನ ‘ಗಿಫ್ಟ್’

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವಾಗ ಹೊಳೆಯ ದಡದಲ್ಲಿ ಗಾಡಿ ಬಿಟ್ಟಿದ್ದೆವು. ಚಿಟ್ಟೆ ಹಿಡಿಯಲು ಬಂದಿದ್ದ ಜರ್ಮನ್ ದೊರೆಗೆ ನಾನು ಇಂಗ್ಲಿಷಿನ ದುಭಾಷಿ; ಜರ್ಮನ್ ನನಗೆ ಬಾರದು. ಅವರ ಪೆಟ್ಟಿಗೆಯಲ್ಲಿ ‘ಗಿಫ್ಟ್’ ಎಂದು ಚೀಟಿ ಅಂಟಿಸಿದ ಸೀಸೆಯಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ಅದು ಉಡುಗೊರೆ. ಗಾಡಿ ಹೊಡೆಯುವ ಸಿದ್ದಣ್ಣನಿಗೆಂದು ತಂದ ಬ್ರಾಂದಿಯಿರಬೇಕೆಂದು ಎತ್ತಿಕೊಟ್ಟೆ. ಅವನು ಬಾಯಿಗಿಟ್ಟದ್ದೇ ತಡ, ದೊರೆ ಓಡಿಬಂದು ಸೀಸೆ ಕಿತ್ತುಕೊಂಡು, “ನಮ್ಮ ಭಾಷೆಯಲ್ಲಿ ಅದು ವಿಷ! ಚಿಟ್ಟೆ ಕೊಲ್ಲುವುದಕ್ಕೆ ತಂದದ್ದು!” ಎಂದು ಕೂಗಿದರು. ನಾನು ಸಿದ್ದಣ್ಣನ ಭುಜ ಹಿಡಿದು ಕೇಳಿದೆ:

“ನುಂಗ್ಬಿಟ್ಯಾ ಸಿದ್ದಣ್ಣ?”

“ಇಲ್ಲ ಬುದ್ದಿ, ನಾಲ್ಗೆ ಉರೀತು, ಉಗುದ್ಬುಟ್ಟೆ.”

‘ಕೊಡು’ ಎಂಬ ಒಂದೇ ಬೇರಿನ ಮಾತದು. ಮದ್ದೆಂದು ಕೊಟ್ಟದ್ದು ತಮ್ಮಲ್ಲಿ ವಿಷವಾಯಿತು, ಇಂಗ್ಲಿಷರಲ್ಲಿ ಉಡುಗೊರೆಯಾಯಿತು, ಸ್ವೀಡನ್ನಿನಲ್ಲಿ ಮದುವೆಯಾದವರಿಗೂ ಅದೇ ಹೆಸರು ಎಂದು ದೊರೆ ಸೀಸೆಗೆ ಬಿರಡೆ ಹಾಕುತ್ತ ವಿವರಿಸಿದರು. ಸಿದ್ದಣ್ಣ ಬಾಯಿ ಮುಕ್ಕಳಿಸಿ ಗಾಡಿ ಕಟ್ಟಿದ. ನಾನು ಅವನ ಪಕ್ಕದಲ್ಲೇ ಕೂತು, ನರಸೀಪುರದವರೆಗೂ ಅವನನ್ನು ಮಾತಾಡಿಸುತ್ತಲೇ ಇದ್ದೆ.