ಐಸಿಯು ಬಾಗಿಲ ಪಕ್ಕದ ಕಾಫಿ ಮಿಷನ್

ಸಿದ್ದಾಪುರದ ನಮ್ಮ ಮನೆಯ ಅಂಗಳದಲ್ಲಿ ಸ್ಕೂಟರಿನ ಹಿಂದೆ ಟೂಲ್ ಬಾಕ್ಸ್ ಕಟ್ಟುತ್ತಿದ್ದಾಗ ನನ್ನ ಗಂಡ ಕುಸಿದು ಬಿದ್ದರು. ಹಗ್ಗದ ಗಂಟು ಬಿಗಿಯಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಪಾಚಿಯ ಮೇಲೆ ಜಾರಿದರೆಂದುಕೊಂಡು ಬೈಯುತ್ತಲೇ ಓಡಿದೆ. ಎಬ್ಬಿಸಲು ಹಿಡಿದರೆ ಅವರ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ವಿರಾಜಪೇಟೆಗೆ ಹೋಗುವಷ್ಟು ಹೊತ್ತೂ ಅವರ ತಲೆ ನನ್ನ ಮಡಿಲಲ್ಲಿತ್ತು. ತಿರುವು ಬಂದಾಗಲೆಲ್ಲ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದರು. ಏನೂ ಹೇಳಲಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಐಸಿಯು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನರ್ಸ್ ಒಬ್ಬರು ಬಂದು ಅವರ ವಾಚು, ಪರ್ಸು, ಬೀಗದ ಕೈ ಗೊಂಚಲು, ಮೊಬೈಲು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಬದುಕಿರುವವರ ಸಾಮಾನನ್ನು ಹೀಗೆ ಚೀಲದಲ್ಲಿ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ಕಾಫಿ–ಟೀ ಮಿಷನ್‌ಗಳನ್ನು ಇಟ್ಟು ನೋಡಿಕೊಳ್ಳುವ ಕೆಲಸ. ಬ್ಯಾಂಕು, ಎಸ್ಟೇಟ್ ಆಫೀಸು, ಹೋಂಸ್ಟೇ, ಹೀಗೆ ಗುಂಡಿ ಒತ್ತಿದರೆ ಕಾಫಿ ಬರುವ ಮಿಷನ್ ಬೇಕೆಂದವರಲ್ಲಿಗೆಲ್ಲ ನನ್ನವರು ಹೋಗುತ್ತಿದ್ದರು. ಸುತ್ತಲೂ ಕಾಫಿ ಗಿಡಗಳಿರುವ ಊರಲ್ಲಿ ಪೌಡರ್ ಕಾಫಿ ಯಾರು ಕುಡಿಯುತ್ತಾರೆಂದು ಮೊದಮೊದಲು ನೆಂಟರು ನಗುತ್ತಿದ್ದರು. ಆದರೆ ಆಫೀಸುಗಳಲ್ಲಿ ಹಾಲು ಕಾಯಿಸುವವರು ಯಾರು? ಕೆಲಸ ಚೆನ್ನಾಗಿಯೇ ನಡೆದಿತ್ತು. ಮನೆಗೆ ತಂದ ಡಬ್ಬಿ, ಪೈಪು ತೊಳೆದು ಒಣಗಿಸುವುದು ನನ್ನ ಪಾಲು. ಸ್ಕ್ರೂಡ್ರೈವರ್ ಮಾತ್ರ ಅಲ್ಲಿಯವರೆಗೆ ನಾನು ಮುಟ್ಟಿರಲೇ ಇಲ್ಲ.

ಮಳೆಗಾಲ ನಮಗೆ ಶತ್ರು. ಗಾಳಿಯ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ, ಕರೆಂಟು ಹೋಗಿ ಬಂದು ಮಾಡಿ ಸರ್ಕ್ಯೂಟ್ ಬೋರ್ಡು ಸುಟ್ಟುಹೋಗುತ್ತದೆ, ಒಳಗಿನ ಬಿಸಿಗೆ ಹಲ್ಲಿ, ಇರುವೆ ಸೇರುತ್ತವೆ. ಹಾಗಾಗಿ ಅವರ ಮೊಬೈಲು ನನ್ನ ಕೈಗೆ ಬಂದಾಗಿನಿಂದ ಹೊಡೆದುಕೊಳ್ಳುತ್ತಲೇ ಇತ್ತು. ಬಾಳೆಲೆ ಊರಿನಿಂದ ಒಬ್ಬರು, ಶ್ರೀಮಂಗಲದ ಹೋಂಸ್ಟೇಯವರು, ಮತ್ತೆ ಬಾಳೆಲೆ. ಎಲ್ಲರಿಗೂ ಒಂದೇ ಮಾತು ಹೇಳಿದೆ: "ಇವರಿಗೆ ಹುಷಾರಿಲ್ಲ, ಐಸಿಯುನಲ್ಲಿದ್ದಾರೆ."

"ಅಯ್ಯೋ ಪಾಪ, ಹೌದಾ?" ಅನ್ನುತ್ತಿದ್ದರು. ಹಿಂದೆಯೇ, "ಆದ್ರೂ ಬೇರೆ ಯಾರನ್ನಾದ್ರೂ ಕಳಿಸಿ ಮೇಡಂ" ಅನ್ನುತ್ತಿದ್ದರು.

ಬೇರೆ ಯಾರೂ ಇರಲಿಲ್ಲ. ನಮ್ಮ ಮಿಷನ್‌ಗಳಲ್ಲಿ ಹೆಚ್ಚಿನವು ಇದ್ದದ್ದು ಒಂದೇ ಎಸ್ಟೇಟ್ ಕಂಪನಿಯ ಆಫೀಸುಗಳಲ್ಲಿ. ಅಲ್ಲಿನ ಮ್ಯಾನೇಜರ್ ಕೂಡ ಫೋನ್ ಮಾಡಿದರು. "ನಮ್ಮ ಆಫೀಸುಗಳ ಮಿಷನ್ ಸೋಮವಾರದೊಳಗೆ ಸರಿಯಾಗ್ಬೇಕು ಮೇಡಂ. ಮೇಲಿನವರು ಈ ಕೆಲಸ ಮೈಸೂರಿನ ಪಾರ್ಟಿಗೆ ಕೊಡಿ ಅಂತಿದ್ದಾರೆ. ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ." "ನೋಡ್ತೇನೆ ಸಾರ್" ಅಂದೆ.

ಐಸಿಯು ಬಾಗಿಲ ಪಕ್ಕದಲ್ಲೇ ಒಂದು ಮಿಷನ್ ಇತ್ತು. ಅದೂ ನಮ್ಮದೇ, ಇವರೇ ಇಟ್ಟದ್ದು. ಅದೂ ಕೆಟ್ಟಿತ್ತು. ಕಾಫಿ ಒತ್ತಿದರೂ ಟೀ ಒತ್ತಿದರೂ ಬರೀ ಬಿಸಿನೀರು ಬರುತ್ತಿತ್ತು. ಕ್ಯಾಂಟೀನು ರಸ್ತೆಯಾಚೆ, ಹೊರಗೆ ಕೊಡೆ ನಿಲ್ಲದಂಥ ಮಳೆ. ಒಳಗಿನಿಂದ ಯಾವಾಗ ಯಾರ ಹೆಸರು ಕೂಗುತ್ತಾರೋ ಎಂಬ ಭಯಕ್ಕೆ ಯಾರೂ ಬಾಗಿಲು ಬಿಟ್ಟು ಹೋಗುತ್ತಿರಲಿಲ್ಲ. ಎದ್ದು ಬಂದು ಗುಂಡಿ ಒತ್ತುವರು, ಲೋಟದೊಳಗೆ ನೋಡುವರು, ಮತ್ತೆ ಒತ್ತುವರು. ಕೆಂಪು ಸ್ವೆಟರಿನ ಗಂಡಸೊಬ್ಬರು ಮಿಷನ್ನಿಗೆ ಅಂಗೈಯಿಂದ ಬಡಿದು, "ಇದನ್ನ ನೋಡ್ಕೊಳ್ಳೋನು ಎಲ್ಲಿ ಸತ್ತೋದ್ನೋ" ಅಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮಾತು ಬಾಗಿಲು ದಾಟಿ ಒಳಗೆ ಹೋಗಿ ನಿಜವಾಗಿಬಿಟ್ಟರೆ? ಅದನ್ನು ಹೇಗಾದರೂ ಸುಳ್ಳು ಮಾಡಬೇಕು ಅನ್ನಿಸಿತು. ಪ್ಲಾಸ್ಟಿಕ್ ಚೀಲದಿಂದ ಗೊಂಚಲು ತೆಗೆದು, ಒಂದೊಂದೇ ಬೀಗದ ಕೈ ಹಾಕಿ ನೋಡಿ ಮಿಷನ್ನಿನ ಬಾಗಿಲು ತೆರೆದೆ. ಪ್ಲಗ್ ಕಿತ್ತೆ. ಸೆಕ್ಯುರಿಟಿಯವರು ಓಡಿ ಬಂದಾಗ, "ಇದು ನಮ್ದೇ ಮಿಷನ್ನು. ಒಂದು ಸ್ಕ್ರೂಡ್ರೈವರ್ ಕೊಡ್ತೀರಾ?" ಅಂದೆ. ನನ್ನ ಮುಖ ನೋಡಿ ಏನನ್ನಿಸಿತೋ, ತಂದುಕೊಟ್ಟರು.

ಪುಡಿ ಡಬ್ಬಿಗಳೊಳಗೆ ಕಲ್ಲಿನಂಥ ಗಡ್ಡೆ. ಪುಡಿಯನ್ನು ಮುಂದಕ್ಕೆ ತಳ್ಳುವ ಸುರುಳಿ ಅದರಲ್ಲಿ ಹೂತುಹೋಗಿತ್ತು. ನೆಲದ ಮೇಲೆ ಪೇಪರು ಹಾಸಿ ಕೂತು ಕೆರೆಯತೊಡಗಿದೆ. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ ಎದ್ದು ಬಂದು ಪಕ್ಕದಲ್ಲಿ ಕೂತು, ಸೆರಗಿನಿಂದ ಸುರುಳಿ ಒರೆಸಿಕೊಟ್ಟರು. ಎಸ್ಟೇಟ್ ಕೂಲಿಯವರ ಲೈನ್ ಮನೆಯವರು, ತಮಿಳು ಮಾತಿನವರು. "ಒಳಗೆ ಯಾರಮ್ಮ?" ಅಂದರು.

"ನಮ್ಮವರು."

"ನಂದು ಮಗಳು ಉಂಟು. ಹೆರಿಗೆ ಆಯ್ತು, ರಕ್ತ ನಿಲ್ಲಿಲ್ಲ." ಅಷ್ಟು ಹೇಳಿ ಮತ್ತೆ ಒರೆಸತೊಡಗಿದರು.

ಅಷ್ಟರಲ್ಲಿ ನನ್ನನ್ನು ಒಳಗೆ ಕೂಗಿದರು. ಕೈ ತೊಳೆಯುವುದಕ್ಕೂ ನಿಲ್ಲದೆ ಓಡಿದೆ. ಇವರು ಕಣ್ಣು ಬಿಟ್ಟಿದ್ದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಲು ಒದ್ದಾಡಿದರು. ಬರೀ ಗೊರಗೊರ ಸದ್ದು. ನನ್ನ ಕೈಗೆ ಅಂಟಿದ ಪುಡಿ ನೋಡಿ ಮಿಷನ್ ವಿಷಯವೇ ಹೇಳುತ್ತಿದ್ದಾರೆಂದುಕೊಂಡೆ. "ಪುಡಿ ಗಟ್ಟಿಯಾಗಿದೆ ರೀ, ಕೆರೀತಿದ್ದೇನೆ. ಮತ್ತೇನು ಮಾಡ್ಲಿ? ಮೋಟರ್ ನೋಡ್ಲಾ? ಪೈಪಾ?" ಎಂದು ಕೇಳುತ್ತಲೇ ಹೋದೆ. ಅವರು ಕಣ್ಣು ಮುಚ್ಚಿಕೊಂಡರು. ನೀರು ಕಿವಿಯ ಕಡೆ ಇಳಿಯಿತು. ನರ್ಸ್ ಹತ್ತಿರ ಬಂದು, "ಮೂತ್ರ ಬಂದಿರ್ಬೇಕು ಅಮ್ಮ, ಸ್ವಲ್ಪ ಸರೀರಿ" ಅಂದರು. ಅಷ್ಟೇ ಆಗಿತ್ತು. ಮದುವೆಯಾದ ಇಷ್ಟು ವರ್ಷಕ್ಕೆ ಅವರಿಗೆ ಏನು ಬೇಕೆಂದು ನನಗೆ ತಿಳಿಯದೆ ಹೋದದ್ದು ಅದೇ ಮೊದಲು.

ಹೊರಗೆ ಬಂದು ಎಲ್ಲವನ್ನೂ ಜೋಡಿಸಿ ಪ್ಲಗ್ ಹಾಕಿದೆ. ಟೀ ಬಂತು. ಕಾಫಿ ಬರಲಿಲ್ಲ, ಮೋಟರ್ ಗುಂಯ್ ಅನ್ನುತ್ತಿತ್ತು, ಸುರುಳಿ ತಿರುಗಲಿಲ್ಲ. ಗೋಡೆಗೆ ಒರಗಿ ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಕೆಂಪು ಸ್ವೆಟರಿನವರು ತಲೆ ತಗ್ಗಿಸಿ ನಿಂತಿದ್ದರು. ಅಜ್ಜಿ ಅವರಿಗೆ ವಿಷಯ ಹೇಳಿರಬೇಕು. "ಟೀ ಸಾಕು ಅಕ್ಕ, ಬಿಡಿ" ಅಂದರು.

ಬಿಡಲಾಗಲಿಲ್ಲ. ಪಕ್ಕದಲ್ಲಿ ಬಾದಾಮಿ ಹಾಲಿನ ಡಬ್ಬಿ ಖಾಲಿಯಿತ್ತು. ಅದರ ಹಿಂದೆಯೂ ಅಂಥದೇ ಮೋಟರ್. ಅದನ್ನು ಬಿಚ್ಚಿ ಇದಕ್ಕೆ ಹಾಕಿದರೇನು? ವೈರು ಯಾವುದೆಲ್ಲಿತ್ತೆಂದು ಮರೆಯದ ಹಾಗೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಸ್ಕ್ರೂ ಕೈಯಿಂದ ಜಾರಿ ಮಿಷನ್ನಿನಡಿಗೆ ಉರುಳಿದಾಗ ಕೆಂಪು ಸ್ವೆಟರಿನವರು ನೆಲಕ್ಕೆ ಮಲಗಿ ಹುಡುಕಿಕೊಟ್ಟರು. ಕೊನೆಗೆ ಗುಂಡಿ ಒತ್ತಿದಾಗ ನೊರೆಯ ಜೊತೆ ಕಂದು ಕಾಫಿ ಬಂತು. ಮೊದಲ ಲೋಟ ಅಜ್ಜಿಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಉಳಿದವರೂ ಒಬ್ಬೊಬ್ಬರಾಗಿ ಲೋಟ ತುಂಬಿಸಿಕೊಂಡರು. ಕುಡಿಯುವ ಮೊದಲೇ ಅಜ್ಜಿಯನ್ನು ಒಳಗೆ ಕರೆದರು. ಹೋದವರ ಕೂಗು ಬಾಗಿಲಾಚೆಗೂ ಕೇಳಿಸಿತು. ನಾವೆಲ್ಲ ಲೋಟ ಕೆಳಗಿಟ್ಟೆವು.

ಎಸ್ಟೇಟ್ ಕಂಪನಿಯವರು ಕೆಲಸವನ್ನು ಮೈಸೂರಿನವರಿಗೇ ಕೊಟ್ಟರು. ನಮ್ಮ ಮಿಷನ್‌ಗಳನ್ನು ಕಂಪನಿಯವರೇ ಲಾರಿಯಲ್ಲಿ ತಂದು ಅಂಗಳದಲ್ಲಿ ಇಳಿಸಿ ಹೋದರು. ಇವರು ಮನೆಗೆ ಬಂದಾಗ ಮೊದಲು ಕಂಡದ್ದು ಅವನ್ನೇ. ಮಾತು ಅರ್ಧಂಬರ್ಧ ಬಂದಿದೆ. ಬಲಗೈ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಉಳಿದ ಕೆಲವೇ ಕಡೆಗೆ ನಾನೇ ಸ್ಕೂಟರಿನಲ್ಲಿ ಹೋಗುತ್ತೇನೆ. ಅರ್ಥವಾಗದಿದ್ದರೆ ಅವರಿಗೆ ವಿಡಿಯೋ ಕಾಲ್ ಮಾಡಿ ಮಿಷನ್ನಿನ ಒಳಭಾಗ ತೋರಿಸುತ್ತೇನೆ. ಮಾತು ಹೊರಡಿಸಲು ಅವರಿಗೆ ಬಹಳ ಹೊತ್ತು ಬೇಕು. ಆಫೀಸಿನವರು ಹಿಂದೆ ನಿಂತು ಚಡಪಡಿಸುತ್ತಾರೆ. ನಾನು ಫೋನು ಹಿಡಿದು ಕಾಯುತ್ತೇನೆ.