ಭಾವ ಹೇಳಿದ ಕಂತು

ಅಮೆರಿಕದ ಮಾರ್ಷಲ್ ಒಬ್ಬ ಅಪರಾಧಿಗಳ ಬೆನ್ನು ಹತ್ತುವ ಆ ಧಾರಾವಾಹಿಯ ಹುಚ್ಚು ನಮ್ಮ ಮನೆಯಲ್ಲಿ ಮೂವರಿಗಿತ್ತು: ನನಗೆ, ಮಗಳಿಗೆ, ಚೆನ್ನೈನ ಎಗ್ಮೋರಿನಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದ ಅಕ್ಕನ ಗಂಡನಿಗೆ. ಕಂತು ತಪ್ಪಿಸಿಕೊಂಡವರಿಗೆ ನೋಡಿದವರು ಭಾನುವಾರ ಆ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಕತೆ ಹೇಳಬೇಕಿತ್ತು. ತಪ್ಪಿಸಿಕೊಳ್ಳುತ್ತಿದ್ದವನು ಹೆಚ್ಚಾಗಿ ನಾನು, ಹೇಳುತ್ತಿದ್ದವರು ಭಾವ.

ಅವರು ತೀರಿಕೊಂಡ ಮೇಲೊಂದು ದಿನ ಮಗಳೊಡನೆ ವಾದಕ್ಕಿಳಿದೆ. ಒಂದು ಕಂತಿನಲ್ಲಿ ಗುಂಡು ಹಾರಿಸುವ ಮೊದಲು ಮಾರ್ಷಲ್ ಮುದಿ ಕೊಲೆಗಾರನೊಬ್ಬನಿಗೆ ನೀರು ಕುಡಿಸುವುದೇ ಎಲ್ಲಕ್ಕಿಂತ ಒಳ್ಳೆಯ ದೃಶ್ಯ ಎಂದೆ.

"ಅಂದ ಸೀನೇ ಇಲ್ಲಪ್ಪಾ!" ಎಂದು ತಮಿಳು ಬೆರೆಸಿ ಆ ದೃಶ್ಯವನ್ನೇ ಅಲ್ಲಗಳೆದು, ನಗುತ್ತ ಅವಳು ಆ ಕಂತು ಹಾಕಿ ತೋರಿಸಿದಳು. ಮಾರ್ಷಲ್ ನೇರವಾಗಿ ಬಂದ, ಗುಂಡು ಹಾರಿಸಿದ.

ಆಗ ಹೊಳೆಯಿತು. ನನ್ನ ನೆನಪಿನಲ್ಲಿ ಆ ನೀರು ಇದ್ದದ್ದು ಹೋಟೆಲಿನ ಸ್ಟೀಲ್ ಲೋಟದಲ್ಲಿ. "ಮೊದಲು ನೀರು ಕೊಟ್ಟ ಮಾರಾಯ, ಆಮೇಲೆ ಗುಂಡು!" ಎಂಬ ಭಾವನ ದನಿ ಈಗಲೂ ಕೇಳಿಸುತ್ತದೆ. ಅದನ್ನಾದರೂ ಅವರು ಆಡಿದ್ದರೇ, ನಾನೇ ಕಟ್ಟಿಕೊಂಡೆನೇ?

ಉಳಿದ ಕಂತುಗಳನ್ನೂ ನೋಡಿಬಿಡೋಣ ಎಂದಳು ಮಗಳು. ಬೇಡವೆಂದು ಟೀವಿ ಆರಿಸಿದೆ. ತೆರೆಯ ಮೇಲೆ ನಿಜವಾದದ್ದು ಕಂಡಷ್ಟೂ ಭಾವ ಇನ್ನಷ್ಟು ಇಲ್ಲವಾಗುತ್ತಾರೆಂಬ ಹೆದರಿಕೆ ನನಗೆ.